ವಾರ್ಡರನ ಕುರ್ಚಿ

ಅಪ್ಪಾ,

ಇವತ್ತು ಹೊಸ ಜೈಲಿನ ನಕ್ಷೆ ಪಾಸಾಯಿತು. ಬರೆದವಳು ನಿನ್ನ ಮಗಳು. ನೀನಿದ್ದಿದ್ದರೆ ಓಡಿಬಂದು ಹೇಳುತ್ತಿದ್ದೆ, ಇಲ್ಲವಲ್ಲ, ಬರೆಯುತ್ತಿದ್ದೇನೆ.

ನೀನು ಆ ಉದ್ದನೆಯ ಕಾರಿಡಾರಿನಲ್ಲಿ ಪ್ರತಿ ಬಾಗಿಲ ಕಿಂಡಿಗೂ ಬಗ್ಗಿ ನೋಡಿ, ಮನೆಗೆ ಬಂದು ಸೊಂಟ ಹಿಡಿದುಕೊಂಡು ಕೂರುತ್ತಿದ್ದೆ. "ಒಂದೇ ಕುರ್ಚಿಯಿಂದ ಎಲ್ಲಾ ಬಾಗಿಲೂ ಕಾಣೋ ಹಾಗೆ ಕಟ್ಟೋಕೆ ಇವರಿಗೇನು ರೋಗ?" ಎಂದು ಗೊಣಗುತ್ತಿದ್ದೆ. ಹಾಗೇ ಬರೆದಿದ್ದೇನೆ. ಬೀಸಣಿಗೆಯಂತೆ ಹರಡಿದ ಮೂವತ್ತು ಕೋಣೆಗಳು, ಎದುರಿಗೆ ಒಂದು ಕುರ್ಚಿ, ಪಕ್ಕದಲ್ಲಿ ದೊಡ್ಡ ಕಿಟಕಿ. ನಾಲ್ವರು ಕಾಯುತ್ತಿದ್ದಲ್ಲಿ ಒಬ್ಬ ಸಾಕು. ಜೈಲಿನ ಒಟ್ಟು ಖರ್ಚು ಕಾಲುಭಾಗ ಇಳಿಯುತ್ತದೆ.

ಮುಖ್ಯ ಎಂಜಿನಿಯರ್ ಕನ್ನಡಕವನ್ನು ಹಣೆಗೇರಿಸಿ, "ಇದು ಯಾವ ದೇಶದ ಮಾದರಿ, ಮೇಡಂ?" ಎಂದರು.

"ನಮ್ಮಪ್ಪಂದು, ಸಾರ್. ಮೂವತ್ತು ವರ್ಷ ಜೈಲಲ್ಲಿ ವಾರ್ಡರ್ ಆಗಿದ್ರು," ಎಂದೆ, ಬಾಯ್ತುಂಬಾ.

ಶಾಲೆಯಲ್ಲಿ ಎಲ್ಲರೂ ನಗುತ್ತಾರೆಂದು ನಿನ್ನನ್ನು ಗುಮಾಸ್ತ ಅಂದಿದ್ದೆ. ಒಮ್ಮೆ ನೀನು ಯೂನಿಫಾರ್ಮಿನಲ್ಲೇ ಕರೆದೊಯ್ಯಲು ಬಂದಾಗ ನಾನು ಹಿಂದಿನ ಗೇಟಿನಿಂದ ಹೊರಟುಬಿಟ್ಟೆ. ಆಮೇಲೆ ನೀನು ಶಾಲೆಯ ಕಡೆ ಬರಲೇ ಇಲ್ಲ.

ಇವತ್ತು ಸಭೆಯಲ್ಲಿ ಹನ್ನೊಂದು ಜನ ಇದ್ದರು. ಒಬ್ಬರೂ ನಗಲಿಲ್ಲ, ಅಪ್ಪಾ.