ಬೀಳ್ಕೊಡುವ ಕಂಬಗಳು

ಕುಷಾಯಿಗೂಡ, ಹೈದರಾಬಾದು
ಡಿಸೆಂಬರ್ 2009

ಸುಬ್ಬರಾಯ ಕಾಕಾ ಅವರಿಗೆ,

ಅಮೃತಪ್ಪನ ಮಗಳು ಕೋಕಿಲಾ ಬರೆಯುತ್ತಿದ್ದೇನೆ. ನಿಮ್ಮ ಕ್ಷೇಮ ಕೇಳುವ ಅಗತ್ಯವಿಲ್ಲ, ಅದು ಪೇಪರಿನಲ್ಲಿ ಫೋಟೋ ಸಮೇತ ಬರುತ್ತಿದೆ. ನಮ್ಮ ಮನೆಯ ಕ್ಷೇಮವನ್ನು ನೀವು ಮೂರು ವರ್ಷದಿಂದ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಹೋದ ವಾರ ಕನ್ನಡ ಸಂಘದ ಜನಾರ್ದನ ಮಾಸ್ತರರು ಫೋನ್ ಮಾಡಿದ್ದರು. ನಿಮಗೆ ಎಪ್ಪತ್ತು ತುಂಬುತ್ತದಂತೆ, ಅಭಿನಂದನ ಗ್ರಂಥ ತರುತ್ತಾರಂತೆ, ಅದರ ಹೆಸರು ‘ಬೆಳಕಿನ ಹರಿಕಾರ’ ಅಂತೆ. ನಿಮ್ಮ ಕೈಯಲ್ಲಿ ಪಳಗಿದವಳೆಂದು ನನ್ನಿಂದಲೂ ನಾಲ್ಕು ಪುಟ ಬೇಕಂತೆ. “ಓದಿದವರ ಕಣ್ಣಾಗ ನೀರು ಬರಬೇಕ್ರಿ, ಹಂಗ ಬರೀರಿ” ಅಂದರು. ಪಾಪ, ಅವರಿಗೇನು ಗೊತ್ತು. ಹೂಂ ಅಂದು ಫೋನ್ ಇಟ್ಟೆ. ಬರೆಯಲು ಕೂತಾಗ ಬಂದದ್ದು ಇದು. ಗ್ರಂಥಕ್ಕೆ ಒಗ್ಗುವ ಮಾತಲ್ಲವಾದ್ದರಿಂದ ನೇರ ನಿಮಗೇ ಕಳಿಸುತ್ತಿದ್ದೇನೆ.

ಆದರೂ ಶುರುವಿಗೆ ಹೊಗಳುತ್ತೇನೆ. ಅದರಲ್ಲಿ ಸುಳ್ಳೇನಿಲ್ಲ.

ಕಂಪನಿ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ, ನಿಮ್ಮ ಮನೆ ಒಂದೇ ಸಾಲಿನಲ್ಲಿದ್ದವು. ಹುಮನಾಬಾದಿನ ಅಪ್ಪ, ನಂಜನಗೂಡಿನ ನೀವು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದಿರಿ. ನಾವು ಪ್ರತಿ ವರ್ಷ ನಮ್ಮೂರಿಗೆ ಹೋಗುತ್ತಿದ್ದೆವು, ಒಂದೆರಡು ಸಲ ನೀವೂ ನಮ್ಮ ಜೊತೆ ಬಸ್ಸು ಹತ್ತಿದ್ದಿರಿ. ಆಗ ನೀವು ನನಗೆ ಕಲಿಸಿದ ಆಟ ಇನ್ನೂ ನೆನಪಿದೆ. ನಾನು ಕಣ್ಣು ಮುಚ್ಚಿಕೊಳ್ಳಬೇಕು. ಸ್ವಲ್ಪ ದೂರ ಹೋದ ಮೇಲೆ ಅಪ್ಪ, “ಏ ಕೋಕಿ, ಕಣ್ಣ ತಗಿ. ಎಲ್ಲಿ ಬಂದೀವಿ ಹೇಳು” ಅನ್ನುತ್ತಿದ್ದ. ಬೋರ್ಡು ನೋಡುವ ಹಾಗಿಲ್ಲ, ಯಾರನ್ನೂ ಕೇಳುವ ಹಾಗಿಲ್ಲ. ದೀಪದ ಕಂಬ ನೋಡಿ ಹೇಳಬೇಕು.

ಪಟ್ಟಣದ ಒಳಗಾದರೆ ದಪ್ಪ ಕಬ್ಬಿಣದ ಕೊಳವೆ, ಬುಡಕ್ಕೆ ಬೆಳ್ಳಿ ಬಣ್ಣ, ಮೇಲೆ ನೀಲಿ ಬೆಳಕು. ಊರು ದಾಟಿದರೆ ಸಿಮೆಂಟಿನ ಕಂಬಕ್ಕೆ ತಂತಿಯಿಂದ ಕಟ್ಟಿದ ಟ್ಯೂಬ್‌ಲೈಟು. ಇನ್ನೂ ಮುಂದೆ, ಗಡಿಯ ಆಚೆ ಈಚೆಯ ಸಣ್ಣ ಊರುಗಳಲ್ಲಿ, ಹಳೆಯ ರೈಲು ಹಳಿಯನ್ನೇ ನೆಟ್ಟು ಕಂಬ ಮಾಡಿದ್ದರು. ನಿಮ್ಮ ಮೈಸೂರಿನ ಕಡೆ ಎರಕದ ಕಂಬದ ಮೇಲೆ ಬಿಳಿ ಗೋಲ ಕೂರಿಸಿರುತ್ತಾರೆಂದು ನೀವು ಕೊಚ್ಚಿಕೊಂಡಾಗ ಅಪ್ಪ, “ನಿಮ್ಮ ಕಡೆ ದೀಪಕ್ಕೂ ಪೇಟಾ ಸುತ್ತತಾರ ನೋಡ್ರಿ. ನಮ್ಮ ಕಡೆ ದೀಪ ಹತ್ತಿದರ ಸಾಕಪ್ಪಾ” ಅಂದು ನಿಮ್ಮ ಬೆನ್ನಿಗೆ ಗುದ್ದಿದ್ದು ನೆನಪಿದೆಯೇ? ಅವತ್ತೇ ನೀವು ಹೇಳಿದ್ದು, “ಬಣ್ಣ ಎಷ್ಟೇ ಬಳೀಲಿ ಕಣಮ್ಮ, ಬುಡ ನೋಡು. ಯಾವ ಕಂಬ ಎಲ್ಲಿಗೆ ಅಂತ ಮಾಡಿದ್ದು ಅನ್ನೋದು ಬುಡದಲ್ಲೇ ಗೊತ್ತಾಗುತ್ತೆ.” ಆ ಪಾಠ ಮುಂದೆ ನಿಮಗೇ ಮುಳುವಾಗುತ್ತದೆಂದು ಆಗ ನಿಮಗಾದರೂ ಹೇಗೆ ಗೊತ್ತಾಗಬೇಕು.

ನೀವು ನೌಕರಿ ಬಿಟ್ಟು ಸ್ವಂತ ಲೈಟಿಂಗ್ ಕಂಪನಿ ತೆರೆದಿರಿ. ನಾನು ಎಂಜಿನಿಯರಿಂಗ್ ಮುಗಿಸಿ ನಿಮ್ಮ ಹತ್ತಿರವೇ ಬಂದೆ. ಅಷ್ಟರಲ್ಲಿ ಹೈದರಾಬಾದಿನ ಪಶ್ಚಿಮಕ್ಕೆ ಐಟಿ ಬಂದು ರಸ್ತೆಗಳ ಅಗಲವೇ ಬದಲಾಗಿತ್ತು. ಆ ಕಡೆ ಎರಡು ತೋಳಿನ ಎತ್ತರದ ಕಂಬ, ಹಳದಿ ಬೆಳಕು, ನಡುವೆ ಹೂವಿನ ಗಿಡ. ನಮ್ಮ ಕಡೆ ಅದೇ ಸಿಮೆಂಟು ಕಂಬ, ಅದೇ ಮಿಣುಕುವ ಟ್ಯೂಬು. ಆಫೀಸು ಮುಗಿಸಿ ತಾರ್ನಾಕ ದಾಟಿ ಮನೆಗೆ ಬರುವಾಗ, ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ನಮ್ಮ ಕಡೆ ಬಂದೆವೆಂದು ರೆಪ್ಪೆಯ ಮೇಲೆ ಬೀಳುವ ಬೆಳಕಿನಿಂದಲೇ ತಿಳಿಯುತ್ತಿತ್ತು. ನನಗೆ ಅದರಿಂದ ಸಿಟ್ಟು ಬರುತ್ತಿತ್ತು. ನೀವು ನಗುತ್ತಿದ್ದಿರಿ, ನಿಮ್ಮ ಕಡೆಗೂ ಬರುತ್ತೆ ತಡಿ ಅನ್ನುತ್ತಿದ್ದಿರಿ.

ಬಂತು. ಕುಷಾಯಿಗೂಡದಿಂದ ಆಚೆ, ಹೈವೇ ಪಕ್ಕದಲ್ಲಿ, ದೊಡ್ಡದೊಂದು ಐಟಿ ಕ್ಯಾಂಪಸ್ ಎದ್ದಿತು. ಅದರ ಮುಂದಿನ ರಸ್ತೆಗೆ ದೀಪ ಹಾಕುವ ಕೆಲಸ ನಿಮಗೆ ಸಿಕ್ಕಿತು, ನಕ್ಷೆ ಬರೆಯುವ ಕೆಲಸ ನನಗೆ ಸಿಕ್ಕಿತು. ಕ್ಯಾಂಪಸ್ಸಿನ ಮುಂದೆ ಹಗಲಿನಂಥ ಬೆಳಕು ಬೇಕೆಂದು ಅವರು ಕೇಳಿದ್ದರು. ಆದರೆ ಅಲ್ಲಿಂದ ನಮ್ಮ ಕುಷಾಯಿಗೂಡದ ಮೊದಲ ಟ್ಯೂಬ್‌ಲೈಟಿನವರೆಗೆ ನಡುವೆ ಒಂದಷ್ಟು ದೂರ ಕಗ್ಗತ್ತಲು. ನಾನು ಕ್ಯಾಂಪಸ್ಸಿನ ಗೋಡೆ ಮುಗಿದಲ್ಲಿಗೆ ದೀಪದ ಸಾಲನ್ನೂ ಮುಗಿಸಿದ್ದೆ. ನೀವು ಪೆನ್ಸಿಲ್ ತಗೊಂಡು ಅದರ ಮುಂದೆ ಆರು ಚುಕ್ಕೆ ಇಟ್ಟಿರಿ. ಗಿಡ್ಡ ಕಂಬಗಳು, ಒಂದಕ್ಕಿಂತ ಒಂದು ಮಂದ ದೀಪ. “ಬೆಳಕನ್ನ ದಿಢೀರ್ ಅಂತ ನಿಲ್ಲಿಸಬಾರದಮ್ಮ. ಝಗಝಗ ಬೆಳಕಿಂದ ಕತ್ತಲಿಗೆ ಬಿದ್ದೋನಿಗೆ ಸ್ವಲ್ಪ ಹೊತ್ತು ಎದುರಿಗೆ ಆನೆ ನಿಂತಿದ್ರೂ ಕಾಣಲ್ಲ. ಕಣ್ಣಿಗೆ ಅಭ್ಯಾಸ ಆಗೋಕೆ ಟೈಮ್ ಕೊಡಬೇಕು. ಮನೆಗೆ ಬಂದ ನೆಂಟರನ್ನ ಬಾಗಿಲು ದಾಟಿ ಬೀದಿವರೆಗೂ ಬಿಟ್ಟುಬರ್ತೀವಲ್ಲ, ಹಾಗೆ.” ಅಂದಿನಿಂದ ನಾವು ಆಫೀಸಿನಲ್ಲಿ ಅವನ್ನು ಬೀಳ್ಕೊಡುವ ಕಂಬಗಳು ಅಂತಲೇ ಕರೆದೆವು. ಇಂಥವರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆಂದು ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮನೆಗೆ ಬಂದು ಅಪ್ಪನಿಗೆ ಅದನ್ನೇ ಎರಡು ಸಲ ಹೇಳಿದೆ. ಅಪ್ಪ ಕೂಡ, “ಸುಬ್ಬರಾಯ ಅಂದರ ಸುಬ್ಬರಾಯ ನೋಡು” ಅಂದ.

ಕಂಬಗಳು ನಿಂತವು, ದೀಪ ಹತ್ತಿದವು. ಆಮೇಲೆ ನನ್ನನ್ನು ವಿಜಯವಾಡದ ಕೆಲಸಕ್ಕೆ ಕಳಿಸಿದಿರಿ.

ಅಪ್ಪ ರಿಟೈರ್ ಆದ ಮೇಲೆ ಹೈವೇಯ ಆಚೆ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಸಂಜೆ ಕತ್ತಲಾಗುತ್ತಲೇ ತನ್ನ ಹಳೇ ಸ್ಕೂಟರಿನಲ್ಲಿ ಅದೇ ಕ್ಯಾಂಪಸ್ ಮುಂದಿನಿಂದ ಮನೆಗೆ ಬರುತ್ತಿದ್ದ. ಆ ಸಂಜೆಯೂ ಬಂದ. ಝಗಮಗ ಬೆಳಕಿನ ಸಾಲು ಮುಗಿದು ಕತ್ತಲು ಶುರುವಾದ ಕಡೆ ಒಂದು ಲಾರಿ ಕೆಟ್ಟು ನಿಂತಿತ್ತು. ಹಿಂದಿನ ದೀಪ ಇರಲಿಲ್ಲ. ಅಪ್ಪ ನೇರವಾಗಿ ಹೋಗಿ ಅದಕ್ಕೆ ಗುದ್ದಿದ. ಆಸ್ಪತ್ರೆ ಮುಟ್ಟಲಿಲ್ಲ.

ಲಾರಿಯವನ ಮೇಲೆ ಕೇಸಾಯಿತು, ಆಗಬೇಕಾದ್ದೇ. ನೀವು ಮೊದಲು ಬಂದಿರಿ, ಅಪ್ಪನ ಪಾದ ಹಿಡಿದುಕೊಂಡು ಅತ್ತಿರಿ. ಆ ಅಳು ನಾಟಕವೆಂದು ನಾನು ಇಂದಿಗೂ ಅನ್ನುವುದಿಲ್ಲ. ಆದರೆ ಕೂತಿದ್ದವರಲ್ಲಿ ಯಾರೋ, ಅಷ್ಟು ದೊಡ್ಡ ಲಾರಿ ಹೆಂಗ ಕಾಣಲಿಲ್ರಿ ಅಂತ ಕೇಳಿದಾಗ, ಉತ್ತರ ಕೊಟ್ಟವರು ನೀವು. “ಅಮೃತಪ್ಪನ ಕಣ್ಣಿಗೆ ಪೊರೆ ಬಂದಿತ್ತಲ್ಲ. ಆಪರೇಷನ್ ಆಗಿದ್ರೆ ಕಾಣ್ತಿತ್ತು.” ಅಷ್ಟೇ ಮಾತು. ಎಲ್ಲರೂ ತಲೆಯಾಡಿಸಿದರು. ಮೂಲೆಯಲ್ಲಿ ಕೂತಿದ್ದ ಅವ್ವ ಅಳುವುದನ್ನು ನಿಲ್ಲಿಸಿ ನಿಮ್ಮನ್ನೇ ನೋಡಿದಳು.

ಯಾಕೆಂದರೆ ಆಪರೇಷನ್ ಮುಂದೂಡಿದವಳು ಅವಳು. ಡಾಕ್ಟರು ಒಂದು ಕಣ್ಣಿಗೆ ಸಣ್ಣಗೆ ಪೊರೆ ಶುರುವಾಗಿದೆ, ಅವಸರವಿಲ್ಲ ಅಂದಿದ್ದರು. “ದಸರಾ ಮುಗೀಲಿ, ಆಮ್ಯಾಲ ಮಾಡಿಸೋಣು” ಅಂತ ಅವ್ವ ಅಂದಿದ್ದಳು. ಅಪ್ಪ ಇನ್ನೂ ಪೇಪರಿನ ಸಣ್ಣ ಅಕ್ಷರ ಓದುತ್ತಿದ್ದ, ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಆದರೂ ನಿಮ್ಮ ಆ ಒಂದು ಮಾತು ಅವಳ ಎದೆಯೊಳಗೆ ಹೋಗಿ ಕೂತುಬಿಟ್ಟಿತು.

ದಿನಕರ್ಮ ಮುಗಿದ ಮೇಲೆ ನಾನು ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ನನ್ನ ಗಾಡಿಯಲ್ಲಿ ಹೋದೆ. ಕ್ಯಾಂಪಸ್ಸಿನ ಕೊನೆಯ ಕಂಬ ದಾಟಿದ್ದೇ ತಡ, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ ಹಾಗಾಯಿತು. ನನ್ನ ಕಣ್ಣಿಗೆ ಏನೂ ಆಗಿಲ್ಲ ಕಾಕಾ. ಹೆಡ್‌ಲೈಟು ಹತ್ತಿದ್ದರೂ ಸ್ವಲ್ಪ ಹೊತ್ತು ರಸ್ತೆ ಕಾಣಲಿಲ್ಲ, ನನ್ನ ಕೈ ಕಾಣಲಿಲ್ಲ. ಗಾಡಿ ನಿಲ್ಲಿಸಿ ಟಾರ್ಚು ಹಾಕಿ ಹುಡುಕಿದೆ. ನೀವು ಚುಕ್ಕೆ ಇಟ್ಟ ಜಾಗದಲ್ಲಿ ಕಂಬ ಇರಲಿಲ್ಲ. ನೆಲದಿಂದ ಬೋಲ್ಟುಗಳು ಮಾತ್ರ ಎದ್ದು ನಿಂತಿದ್ದವು, ಅವಕ್ಕೆ ತುಕ್ಕು ಹಿಡಿಯದಿರಲೆಂದು ಪ್ಲಾಸ್ಟಿಕ್ ಸುತ್ತಿದ್ದರು. ಕಂಬದ ಬೋಲ್ಟಿನ ಮೇಲೆ ಇದ್ದ ಕಾಳಜಿ ನೋಡಿ ಅಲ್ಲೇ ಕೂತು ಅತ್ತೆ.

ಆರೂ ಕಂಬ ಸಿಕ್ಕವು. ಕ್ಯಾಂಪಸ್ಸಿನ ಗೇಟಿನ ಎರಡೂ ಕಡೆ, ಬಂಗಾರದ ಬಣ್ಣ ಬಳಿದುಕೊಂಡು, ತಲೆಯ ಮೇಲೆ ಕಮಲದ ಹೂವಿಟ್ಟುಕೊಂಡು ನಿಂತಿದ್ದವು. ನಾನು ಹೂವು ನೋಡಲಿಲ್ಲ, ಬುಡ ನೋಡಿದೆ. ನೆಲಕ್ಕೆ ಬೋಲ್ಟು ಬಿಗಿಯುವ ತಟ್ಟೆ ಉಳಿದ ಕಂಬಗಳದ್ದಕ್ಕಿಂತ ಸಣ್ಣದು, ನಾನೇ ಅಳತೆ ಹಾಕಿ ಬರೆದದ್ದು.

ನಿಮ್ಮ ಕೋಣೆಗೆ ಬಂದು ಕೇಳಿದೆ. ನೀವು ಎದ್ದು ಬಾಗಿಲು ಹಾಕಿದಿರಿ. “ಉದ್ಘಾಟನೆಗೆ ದೊಡ್ಡ ದೊಡ್ಡೋರು ಬರ್ತಿದ್ರು, ಗೇಟು ಬೋಳುಬೋಳಾಗಿ ಕಾಣ್ತಿದೆ ಅಂತ ಒಂದೇ ಸಮ ಪ್ರಾಣ ತಿಂದ್ರು. ಹೊಸ ಕಂಬ ತರಿಸೋಕೆ ಟೈಮ್ ಇರಲಿಲ್ಲ. ಅತಿಥಿಗಳೆಲ್ಲ ಸಿಟಿ ಕಡೆಯ ಹೊಸ ರಸ್ತೆಯಿಂದ ಬರೋರು, ಆ ಕಡೆ ಹೋಗೋರು ಯಾರಿದ್ದಾರೆ ಅಂದ್ಕೊಂಡೆ. ವಾಪಸ್ ಹಾಕಿಸ್ತೀನಮ್ಮ.” ಆ ಕಡೆ ಹೋಗುವವರು ಯಾರಿದ್ದಾರೆ. ಇದನ್ನು ನಮ್ಮ ಮನೆಯಲ್ಲಿ ಮೂವತ್ತು ವರ್ಷ ಜೋಳದ ರೊಟ್ಟಿ ಉಂಡವರು ಹೇಳಿದಿರಿ. ಅವ್ವನಿಗಾದರೂ ನಿಜ ಹೇಳಿ ಅಂದೆ. ಒಂದಕ್ಕೊಂದು ತಳಕು ಹಾಕಬೇಡ, ಹೋದ ಜೀವ ಬರುತ್ತಾ ಅಂದಿರಿ. ಅವತ್ತೇ ಕೆಲಸ ಬಿಟ್ಟೆ. ಅಂದಿನಿಂದ ನೀವೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಹೋದ ಜೀವಕ್ಕಾಗಿ ನಾನು ಈ ಕಾಗದ ಬರೆಯುತ್ತಿಲ್ಲ. ಇರುವ ಜೀವಕ್ಕಾಗಿ ಬರೆಯುತ್ತಿದ್ದೇನೆ.

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ, ಬೀದಿಯಲ್ಲಿ ಮಾತಾಡಿಸಿದವರನ್ನು ದನಿಯಿಂದ ಗುರುತಿಸುತ್ತಾಳೆ. ಇನ್ನು ತಡ ಮಾಡಿದರೆ ಆಪರೇಷನ್ ಮಾಡಿದರೂ ದೃಷ್ಟಿ ಉಳಿಯುವ ಭರವಸೆ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅವಳು ಒಪ್ಪುವುದಿಲ್ಲ. ಎಷ್ಟು ಸಲ ಕೇಳಿದರೂ ಅದೇ ಮಾತು: “ಅವರ ಕಣ್ಣಿಗೆ ತಡ ಮಾಡಿದಾಕಿ ನಾ. ನನ್ನ ಕಣ್ಣಿಗೆ ಯಾಕ ಅವಸರ?” ನಾನು ಎಲ್ಲವನ್ನೂ ಹೇಳಿದ್ದೇನೆ, ಕಂಬ, ಬೋಲ್ಟು, ಗೇಟು, ಎಲ್ಲ. ಕೂಡಿಸಿಕೊಂಡು ಹೇಳಿದ್ದೇನೆ, ಕಿರುಚಿ ಹೇಳಿದ್ದೇನೆ. ಅವಳು ನನ್ನ ತಲೆ ಸವರಿ, “ನನ್ನ ಸಮಾಧಾನಕ್ಕ ಏನರೆ ಕಥಿ ಕಟ್ಟಬ್ಯಾಡ. ಹಂಗ ಇದ್ದಿದ್ದರ ಸುಬ್ಬರಾಯಣ್ಣ ನನಗ ಹೇಳತಿದ್ದಿಲ್ಲೇನು? ಅವರು ಸುಳ್ಳಾಡೋ ಮನಷ್ಯಾ ಅಲ್ಲ” ಅನ್ನುತ್ತಾಳೆ. ಹೆತ್ತ ಮಗಳಿಗಿಂತ ನಿಮ್ಮ ಮೇಲೆ ಅವಳಿಗೆ ನಂಬಿಕೆ ಹೆಚ್ಚು. ನಿಮ್ಮ ಒಂದು ಮಾತಿಗೆ ಅವಳು ಮೂರು ವರ್ಷದಿಂದ ತನ್ನ ಕಣ್ಣು ಕೊಡುತ್ತಿದ್ದಾಳೆ.

ಇನ್ನೊಂದು ಸುದ್ದಿ. ನಿಮ್ಮ ಸಮಾರಂಭದಲ್ಲಿ ದೀಪ ಬೆಳಗಿಸಲು ಹಿರಿಯರೊಬ್ಬರು ಬೇಕೆಂದು ಜನಾರ್ದನ ಮಾಸ್ತರರು ಅವ್ವನನ್ನು ಕೇಳಿದ್ದಾರೆ. ಅಣ್ಣ ನನ್ನ ಮರೆತಿಲ್ಲ ನೋಡು ಅಂತ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದ್ದಾಳೆ. ಆ ಕಡ್ಡಿ ಬತ್ತಿಗೆ ಮುಟ್ಟಬೇಕಾದರೆ ಯಾರಾದರೂ ಅವಳ ಕೈ ಹಿಡಿದುಕೊಳ್ಳಬೇಕು. ಅಷ್ಟು ಜನರ ಮುಂದೆ, ‘ಬೆಳಕಿನ ಹರಿಕಾರ’ ಎಂಬ ಬ್ಯಾನರಿನ ಕೆಳಗೆ, ಆ ಕೈ ನೀವೇ ಹಿಡಿಯಬೇಕಾಗಿ ಬರಬಹುದು. ಯೋಚಿಸಿ.

ನನಗೆ ನಿಮ್ಮ ಕ್ಷಮೆ ಬೇಡ. ಕಂಬಗಳು ಗೇಟಿನಲ್ಲೇ ಇವೆ, ಬೋಲ್ಟುಗಳ ಮೇಲೆ ಹುಲ್ಲು ಬೆಳೆದಿದೆ, ಅದಕ್ಕೆ ನಾನು ಎಲ್ಲೆಲ್ಲಿ ಅರ್ಜಿ ಕೊಡಬೇಕೋ ಕೊಡುತ್ತಿದ್ದೇನೆ. ನೀವು ಒಂದು ಸಂಜೆ ನಮ್ಮ ಮನೆಗೆ ಬನ್ನಿ. ಅವ್ವನ ಎದುರು ಕೂತು, ತಪ್ಪು ಅಮೃತಪ್ಪನ ಕಣ್ಣಿನದಲ್ಲ, ನಿನ್ನ ದಸರೆಯದೂ ಅಲ್ಲ, ಕಂಬ ಕಿತ್ತವನು ನಾನು ಅಂತ ನಿಮ್ಮ ಬಾಯಿಂದ ಹೇಳಿ. ಬೇಗ ಬನ್ನಿ. ಹೇಳುವಾಗ ನಿಮ್ಮ ಮುಖ ಅವಳಿಗೆ ಕಾಣಬೇಕು.

ಹೆದರಬೇಡಿ, ಅವಳು ನಿಮ್ಮನ್ನು ಬೈಯುವುದಿಲ್ಲ. ಅಳುತ್ತಾಳೆ, ಆಮೇಲೆ ಚಹಾ ಕೊಡುತ್ತಾಳೆ. ನಮ್ಮ ಬೀದಿಯ ಟ್ಯೂಬ್‌ಲೈಟು ಕೆಟ್ಟು ಎಷ್ಟೋ ದಿನವಾಯಿತು. ನೀವು ಹೊರಟಾಗ ಗೋಡೆ ಹಿಡಿದು ತಡವರಿಸುತ್ತಲಾದರೂ ಟಾರ್ಚು ತಂದು, ಮೊದಲಿನ ಹಾಗೇ, ನಿಮ್ಮನ್ನು ರಸ್ತೆಯವರೆಗೂ ಬಿಟ್ಟುಬರುತ್ತಾಳೆ. ಅವಳು ಅಂಥವಳು. ನಾನು ಬಾಗಿಲಿನಿಂದ ಆಚೆ ಬರುವುದಿಲ್ಲ.

ನಿಮಗೆ ಆಯುಷ್ಯ ಗಟ್ಟಿಯಾಗಿರಲಿ, ಕೊನೆಯವರೆಗೂ ಕಣ್ಣು ಚೆನ್ನಾಗಿ ಕಾಣಲಿ.

ಒಂದು ಕಾಲದಲ್ಲಿ ನಿಮ್ಮ ಶಿಷ್ಯೆಯಾಗಿದ್ದ,
ಕೋಕಿಲಾ