ಬೆಟ್ಟದ ಮೇಲೆ ‘ನೀವು’

ವೆಂಡೆಲ್,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸುವವನಾಗಿದ್ದರೆ ಇಷ್ಟೂ ಬರೆಯುತ್ತಿರಲಿಲ್ಲ.

ನನ್ನಾಕೆ ಬುರ್ಗಿಗೆ ಎಪ್ಪತ್ತು ತುಂಬಿತೆಂದು ನಾವಿಬ್ಬರೂ ಬಸ್ಸಿನಲ್ಲಿ ಆಸ್ಟ್ರಿಯಾ ನೋಡಲು ಹೊರಟೆವು. ಹುಟ್ಟಿದ ದೇಶವನ್ನು ಈ ವಯಸ್ಸಿನಲ್ಲಿ ನೋಡುವುದೇನು ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ. ಸರೋವರ, ಕೋಟೆ, ಚರ್ಚು ಎಲ್ಲ ಮುಗಿಸಿ ನಿನ್ನೆ ಕೇಬಲ್ ಕಾರಿನಲ್ಲಿ ಬೆಟ್ಟ ಹತ್ತಿದರೆ, ಮೇಲಿನ ಹೋಟೆಲಿನ ಬೆಂಚಿನ ಮೇಲೆ ನೀನು! ನಮ್ಮಿಬ್ಬರ ಹುಲ್ಲುಗಾವಲುಗಳ ನಡುವಿನ ಬೇಲಿಗಾಗಿ ಜಗಳವಾಡಿದ ಮೇಲೆ ನಾವು ಒಂದು ಮಾತೂ ಆಡಿರಲಿಲ್ಲ.

ಅಷ್ಟು ಎತ್ತರ ಹತ್ತಿದ ಮೇಲೆ ನಮ್ಮವರು ಮಂತ್ರಿಯನ್ನೂ ‘ನೀನು’ ಎಂದೇ ಮಾತಾಡಿಸುತ್ತಾರೆ. ಅಲ್ಲಿ ‘ನೀವು’ ಎಂದರೆ ಮುಖಕ್ಕೆ ಉಗಿದ ಹಾಗೆ.

“ಏನೋ ಮುದುಕ, ಇನ್ನೂ ಬದುಕಿದ್ದೀಯಾ? ಬಾ, ಕೂತ್ಕೋ” ಎಂದು ನೀನು ಸರಿದು ಜಾಗ ಮಾಡಿದೆ.

ನನ್ನ ನಾಲಿಗೆಗೆ ಬೆಂಕಿ ಬೀಳ. “ನೀವು ಕೂತ್ಕೊಳ್ಳಿ ಸ್ವಾಮಿ, ನಮಗೆ ಬೇರೆ ಜಾಗ ಇದೆ” ಎಂದುಬಿಟ್ಟೆ.

ನಿನ್ನ ನಗು ಅರ್ಧಕ್ಕೇ ನಿಂತಿತು.

ಬುರ್ಗಿ ನನ್ನ ತೋಳು ಚಿವುಟಿದಳು. “ಕತ್ತೆ! ಎಲ್ಲಿದೆಯೋ ನಿನ್ನ ಬೇರೆ ಜಾಗ? ತೋರಿಸು ನೋಡೋಣ!”

ಎಲ್ಲೂ ಇರಲಿಲ್ಲ. ಗೋಡೆಗೆ ಒರಗಿ, ನಿನಗೆ ಬೆನ್ನು ಹಾಕಿ, ನಿಂತೇ ಸೂಪು ಕುಡಿದೆ. ನನ್ನ ಬೆನ್ನ ಹಿಂದೆ ಜನ ಬಂದು ಬಂದು ನಿನ್ನ ಪಕ್ಕದ ಜಾಗ ಕೇಳುತ್ತಿದ್ದರು. “ಇಲ್ಲಪ್ಪ, ಇಲ್ಲಿ ಒಬ್ಬ ಬರೋನಿದ್ದಾನೆ” ಎಂದು ನೀನು ಪ್ರತಿಯೊಬ್ಬರಿಗೂ ಹೇಳಿದೆ.

ನನಗೆ ಕೇಳಿಸುತ್ತಿತ್ತು ಕಣೋ. ಬಟ್ಟಲು ಖಾಲಿಯಾದ ಮೇಲೂ ಚಮಚ ಆಡಿಸುತ್ತ ನಿಂತೇ ಇದ್ದೆ.