ಸೋಮವಾರ ಸಂಜೆಯೊಳಗೆ

ನವೆಂಬರ್ ೬, ೧೯೬೧. ಬೆಳಿಗ್ಗೆ

ಎಂಟು ಕೊಡ ನೀರು ಹತ್ತಿಸಿದ್ದಾಯಿತು. ಮರದ ಮೆಟ್ಟಿಲು ಹದಿನಾಲ್ಕು. ಒಂಬತ್ತನೆಯದು ಕಿರುಗುಟ್ಟುತ್ತದೆ. ಕಾಲಿಗೆ ಈಗ ಅಭ್ಯಾಸ.

ಪುತ್ತೂರು ಪೇಟೆಯ ಈ ಮಾಳಿಗೆಗೆ ಬಂದು ಹದಿನೈದು ದಿನ. ಎರಡು ಕೋಣೆ, ಅಡುಗೆಗೊಂದು ಮೂಲೆ. ಕೆಳಗೆ ಸರ್ವೋತ್ತಮ ಪೈಗಳ ಅಂಗಡಿ — ಸ್ಲೇಟು, ನೋಟ್‌ಬುಕ್ಕು, ಪಂಚಾಂಗ. ಕಟ್ಟಡ ನನಗಿಂತ ಹಳೆಯದು. ಗೋಡೆಗೆ ಒರಗಿದರೆ ಬೆನ್ನೆಲ್ಲ ಸುಣ್ಣ.

ಇದಕ್ಕೆ ಮೊದಲು ಮೂರು ಮನೆ ಕೇಳಿದ್ದೆ. ಮೂರು ಕಡೆಯೂ ಒಂದೇ ಪ್ರಶ್ನೆ: "ಮನೆಯಲ್ಲಿ ಕಾಯಿಲೆಯವರು ಯಾರಾದ್ರೂ ಉಂಟಾ ಮಾಸ್ಟ್ರೇ?" ಅಕ್ಕನ ವಿಷಯ ಹೇಳಿದೆ. ಮೂವರಿಗೂ ತಕ್ಷಣ ಯಾರೋ ನೆಂಟರು ಬರುವುದು ನೆನಪಾಯಿತು.

ಈ ಕಟ್ಟಡದ ಒಡತಿ ಮೈಮೂನಮ್ಮ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. "ಮೇಲಿಂದ ನೀರು ಚೆಲ್ಲಿ ಪೈಗಳ ಪುಸ್ತಕ ಚಂಡಿ ಮಾಡ್ಬೇಡಿ, ಅಷ್ಟೇ" ಎಂದು ಬೀಗದ ಕೈ ಕೊಟ್ಟರು. ಗಂಡ ಇಲ್ಲ. ಹಿತ್ತಿಲಿನ ಸಣ್ಣ ಮನೆಯಲ್ಲಿ ವಾಸ. ಈ ಕಟ್ಟಡದ ಬಾಡಿಗೆಯೇ ಅವರ ಬದುಕು.

ನಾಳೆ ಸುಳ್ಯದಾಚೆ ಆಲೆಟ್ಟಿಗೆ ಹೋಗಿ ಅಕ್ಕನನ್ನು ಕರೆತರಬೇಕು.

ನವೆಂಬರ್ ೮

ಈಶ್ವರಿ ಅಕ್ಕ ಬಂದಳು. ಒಂದು ಟ್ರಂಕು, ಒಂದು ಚಾಪೆ. ಭಾವ ಸತ್ತ ಮೇಲೆ ಇಪ್ಪತ್ತೆರಡು ವರ್ಷ ಮೈದುನ ವೆಂಕಟ್ರಮಣನ ಅಡುಗೆಮನೆಯಲ್ಲಿ ಇದ್ದವಳು. ಅದಕ್ಕೆ ಕಿಟಕಿಯಿಲ್ಲ. ಮಂಗಳೂರಿನಲ್ಲಿ ಡಾಕ್ಟರುಗಳು ಹೊಟ್ಟೆ ಒತ್ತಿ ನೋಡಿದರು, ತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡಿದರು, ಕಳಿಸಿದರು. ಇಲ್ಲಿ ನೋವಿಗೆ ಇಂಜೆಕ್ಷನ್ ಕೊಡುವವರು ಹತ್ತಿರ. ಬೇರೆ ಉಪಾಯವೇನೂ ನನ್ನಲ್ಲಿಲ್ಲ.

ಮೆಟ್ಟಿಲು ಹತ್ತಿದವಳು ಕೂರಲಿಲ್ಲ. ನೇರ ಕಿಟಕಿಗೆ. "ಇದೆಂತ ಮಾರಾಯ, ಇಡೀ ಪೇಟೆಯೇ ಕೆಳಗೆ ಉಂಟಲ್ಲ!"

ಮಂಚವನ್ನು ಕಿಟಕಿಯ ಬುಡಕ್ಕೆ ಎಳೆದೆ.

ನವೆಂಬರ್ ೨೩. ಸಂಜೆ

ದಿನಾ ಸುಳ್ಯದ ಬಸ್ಸು ಬಂದಾಗ ಅಕ್ಕನ ವರದಿ. ನಾನು ಹುಡುಗರ ಲೆಕ್ಕ ತಿದ್ದುತ್ತಿರುತ್ತೇನೆ.

"ಇಳಿದವರು ಕೇಳು ಪರಮು. ಒಬ್ಬ ಬೋಳು ಮಂಡೆಯವ. ಒಂದು ಹೆಂಗಸು, ಕಂಕುಳಲ್ಲಿ ಕೋಳಿ. ಕೋಳಿಗೆ ಟಿಕೇಟು ಉಂಟಾ?"

ನಗುತ್ತಾಳೆ. ಆಮೇಲೆ ಹೊಟ್ಟೆ ಹಿಡಿದುಕೊಳ್ಳುತ್ತಾಳೆ.

ಮೊನ್ನೆ ಮೈಮೂನಮ್ಮ ಮೇಲೆ ಬಂದರು. ಮಂಚ ಕಂಡರು. ಮುಚ್ಚಿಟ್ಟದ್ದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವರು ನನ್ನತ್ತ ನೋಡಲೇ ಇಲ್ಲ.

"ಎಳನೀರು ಆಗ್ತದಾ ಅಮ್ಮ ನಿಮಗೆ? ಅದಕ್ಕೆ ಜಾತಿ ಇಲ್ಲ."

"ಕೆತ್ತಿದ ಕತ್ತಿಗೆ ಉಂಟಲ್ಲ" ಎಂದಳು ಅಕ್ಕ.

ಇಬ್ಬರೂ ನಕ್ಕರು. ಅಂದಿನಿಂದ ದಿನಾ ಒಂದು ಎಳನೀರು ಬರುತ್ತದೆ. ಅಕ್ಕ ಕುಡಿಯುತ್ತಾಳೆ. ಇಷ್ಟು ವರ್ಷದ ಮಡಿ ಎಲ್ಲಿ ಹೋಯಿತೆಂದು ನಾನು ಕೇಳಿಲ್ಲ.

ಜನವರಿ ೧೯, ೧೯೬೨

ಬರೆಯದೆ ಎಷ್ಟೋ ದಿನ. ಅಕ್ಕ ಅನ್ನ ಬಿಟ್ಟಳು. ಗಂಜಿತಿಳಿ, ಎಳನೀರು, ಅಷ್ಟೇ. ಡಾಕ್ಟರು ಇಳಿಯುತ್ತ ಮೆಟ್ಟಿಲಿನಲ್ಲಿ ನಿಂತು ಹೇಳಿದರು — ಇನ್ನು ಹೆಚ್ಚು ದಿನ ಇಲ್ಲ.

ಯಾರಿಗೂ ಹೆಚ್ಚು ದಿನ ಇಲ್ಲವಂತೆ. ಬರುವ ತಿಂಗಳ ಮೂರರಿಂದ ಐದರವರೆಗೆ ಎಂಟು ಗ್ರಹ ಒಂದೇ ಮನೆಯಲ್ಲಿ, ಲೋಕ ಮುಳುಗುತ್ತದೆ. ಎಲ್ಲ ಕಡೆ ಹೋಮ. ಪೈಗಳ ಅಂಗಡಿಯಲ್ಲಿ ಈ ವರ್ಷದ ಪಂಚಾಂಗ ಒಂದೂ ಉಳಿದಿಲ್ಲ. ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ. ಬೋರ್ಡಿನ ಮೇಲೆ ತ್ರಿಕೋನ ಬರೆದೆ, ಅಳಿಸಿದೆ.

ಅಕ್ಕನಿಗೆ ಹೇಳಿದೆ. ಕಣ್ಣು ಮುಚ್ಚಿಯೇ ಕೇಳಿದಳು.

"ಎಂಟು ಗ್ರಹಕ್ಕೆ ಒಂದು ಮನೆ ಸಿಕ್ಕಿತು. ನಿನಗೆ ಮೂರು ಕಡೆ ಇಲ್ಲ ಅಂದ್ರು. ಅವುಗಳಲ್ಲಿ ಕಾಯಿಲೆಯವರು ಉಂಟಾ ಅಂತ ಯಾರೂ ಕೇಳ್ಳಿಲ್ಲ ಕಾಣ್ತದೆ."

ಫೆಬ್ರವರಿ ೩. ಮಧ್ಯಾಹ್ನ

ಪೈಗಳು ಮೆಟ್ಟಿಲ ಬುಡದಲ್ಲಿ ತಡೆದರು. ತಗ್ಗಿದ ಸ್ವರ.

"ಮಾಸ್ಟ್ರೇ, ಅಷ್ಟಗ್ರಹ ಹಾಳಾಗಿ ಹೋಗ್ಲಿ. ಸೋಮವಾರ ಸಂಜೆಯಿಂದ ಪಂಚಕ. ಐದು ದಿನ. ನೋಡಿದ್ದೀರಾ?"

"ನಾನು ಅದೆಲ್ಲ ನೋಡುದಿಲ್ಲ."

"ನೀವು ನೋಡುದು ಬೇಡ, ಊರು ನೋಡ್ತದೆ. ಆ ಐದು ದಿನದಲ್ಲಿ ಮೇಲೆ ಸಾವು ಆದ್ರೆ ಮನೆ ಆರು ತಿಂಗಳು ಬಾಗಿಲು ಹಾಕ್ಬೇಕು. ಮತ್ತೆಯೂ ನಮ್ಮವರು ಯಾರೂ ಬಾಡಿಗೆಗೆ ಬರುದಿಲ್ಲ. ಪಾಪ, ಮೈಮೂನಮ್ಮನಿಗೆ ಇದೆಲ್ಲ ಎಂತ ಗೊತ್ತು?"

ನಾನು ನಂಬುವವನಲ್ಲ. ಆದರೆ ಇದು ನಂಬಿಕೆಯ ಪ್ರಶ್ನೆಯೂ ಅಲ್ಲ. ಕೇಳದೆ ಮನೆ ಕೊಟ್ಟವರು ಅವರು. ಹೇಳದೆ ಪಡೆದವನು ನಾನು. ಉತ್ತರ ಒಂದೇ ಬರುತ್ತದೆ: ಅಕ್ಕನನ್ನು ಆಲೆಟ್ಟಿಗೆ ಕರೆದೊಯ್ಯುವುದು. ಅದು ವೆಂಕಟ್ರಮಣನ ಸ್ವಂತ ಮನೆ; ಏನೇ ಆದರೂ ಶಾಂತಿ ಮಾಡಿಸಿಕೊಂಡು ಅಲ್ಲೇ ಇರುತ್ತಾರೆ.

ಸೋಮವಾರಕ್ಕೆ ಶುಕೂರನ ಕಾರು ಗೊತ್ತು ಮಾಡಿದೆ. ಮೈಮೂನಮ್ಮನ ತಂಗಿಯ ಮಗ. ಉಳಿದ ಕಾರುಗಳೆಲ್ಲ ಚುನಾವಣೆಗೆ ಹೋಗಿವೆ.

ಮೈಮೂನಮ್ಮನಿಗೆ ತಿಳಿಸಲಿಲ್ಲ. ತಿಳಿಸಿದರೆ ದಾಕ್ಷಿಣ್ಯಕ್ಕೆ "ಬೇಡ, ಇರ್ಲಿ" ಎನ್ನುತ್ತಾರೆ. ಆಮೇಲೆ ನಷ್ಟ ಅವರಿಗೆ.

ಫೆಬ್ರವರಿ ೪

ಅಕ್ಕನಿಗೆ ಹೇಳಿದೆ. ಹವೆ ಬದಲಾಗಬೇಕೆಂದು ಡಾಕ್ಟರು ಹೇಳಿದ್ದಾರೆ, ನಾಳೆ ಆಲೆಟ್ಟಿಗೆ ಹೋಗುವುದು.

ಕಿಟಕಿಯ ಸರಳು ಹಿಡಿದುಕೊಂಡಳು.

"ಸೋಮವಾರ ಸಂಜೆಯೊಳಗೆ, ಅಲ್ವಾ?"

ಮರೆತಿದ್ದೆ. ದಿನಾ ಪಂಚಾಂಗ ನೋಡಿಯೇ ಒಲೆ ಹಚ್ಚಿದವಳು.

"ಐದು ದಿನ ತಾನೇ ಪರಮು? ಜೀವ ಹಿಡ್ಕೊಂಡು ಕೂರ್ತೇನೆ. ಶನಿವಾರ ಕಳೆದ ಮೇಲೆ ನೋಡುವ. ಆಲೆಟ್ಟಿಗೆ ಬೇಡ."

ತಮಾಷೆಯ ಧ್ವನಿಯಲ್ಲೇ ಹೇಳಿದ್ದು. ಕಣ್ಣು ಮಾತ್ರ ನನ್ನ ಮುಖ ಬಿಡಲಿಲ್ಲ. ನಾನು ಎದ್ದು ಅವಳ ಸೀರೆಗಳನ್ನು ಟ್ರಂಕಿಗೆ ತುಂಬಿಸಿದೆ. ಅವಳು ಮತ್ತೆ ಕೇಳಲಿಲ್ಲ.

ಸಂಜೆ ಬಸ್ಸು ಬಂತು. ವರದಿ ಇಲ್ಲ.

ಫೆಬ್ರವರಿ ೫. ಬೆಳಿಗ್ಗೆ ಹತ್ತೂವರೆ

ಲೋಕ ಮುಳುಗಲಿಲ್ಲ. ಪೇಟೆಯಲ್ಲಿ ಜನ ಒಬ್ಬರನ್ನೊಬ್ಬರು ನೋಡಿ ನಾಚಿದವರಂತೆ ನಗುತ್ತಿದ್ದಾರೆ. ಚುನಾವಣೆಯ ಜೀಪು ಕೂಗುತ್ತ ಹೋಯಿತು. ಶುಕೂರ್ ಬಂದಿದ್ದಾನೆ.

ಫೆಬ್ರವರಿ ೭. ಆಲೆಟ್ಟಿ

ಮೊನ್ನೆ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು, ನಾನು ಮತ್ತು ಶುಕೂರ್. ಒಂಬತ್ತನೆಯ ಮೆಟ್ಟಿಲು ಕಿರುಗುಟ್ಟಿತು. ಕೆಳಗೆ ಎಳನೀರು ಹಿಡಿದು ಮೈಮೂನಮ್ಮ ನಿಂತಿದ್ದರು.

"ಈ ಸ್ಥಿತಿಯಲ್ಲಿ ಎಲ್ಲಿಗೆ ಕರ್ಕೊಂಡು ಹೋಗುದು ಮಾಸ್ಟ್ರೇ?"

"ಮನೆಗೆ" ಎಂದೆ.

ಅಕ್ಕ ಅವರ ಕೈ ಹಿಡಿದಳು. ಅಷ್ಟು ತಿಂಗಳಲ್ಲಿ ಮುಟ್ಟಿದ್ದು ಅದೇ ಮೊದಲು.

ದಾರಿಯಲ್ಲಿ ಕಾವು ಎಂಬ ಊರು ದಾಟಿದ ಮೇಲೆ ಒಂದು ತಿರುವು. ಶುಕೂರ್ ಕನ್ನಡಿಯಲ್ಲಿ ಹಿಂದೆ ನೋಡಿದ. ಬದಿಗೆ ತೆಗೆದು ನಿಲ್ಲಿಸಿದ.

"ಮಾಸ್ಟ್ರೇ... ಅಮ್ಮನನ್ನು ಒಮ್ಮೆ ನೋಡಿ."

ನಾನು ಮೊದಲು ನೋಡಿದ್ದು ಗಡಿಯಾರ. ಬರೆದಿಡುತ್ತೇನೆ, ಬೇರೆ ಯಾರಿಗೂ ಹೇಳಲಾರೆ. ಹನ್ನೆರಡಕ್ಕೆ ಹತ್ತು ನಿಮಿಷ. ಪಂಚಕಕ್ಕೆ ಇನ್ನೂ ಆರು ಗಂಟೆ ಇತ್ತು. ಕಿಟಕಿಯ ಬುಡದಲ್ಲೇ ಮಲಗಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ.

"ವಾಪಾಸು ತಿರುಗಿಸುದಾ, ಮುಂದೆ ಹೋಗುದಾ?"

ತಿರುಗಿಸು ಎನ್ನಬಹುದಿತ್ತು. "ಮುಂದೆ" ಎಂದೆ. ಅಲ್ಲಿಂದ ಆಲೆಟ್ಟಿಯವರೆಗೆ ಅವನು ಒಮ್ಮೆಯೂ ಹಾರ್ನ್ ಒತ್ತಲಿಲ್ಲ.

ವೆಂಕಟ್ರಮಣ ಅಂಗಳಕ್ಕೆ ಬಂದ. ಮೊದಲ ಮಾತು, "ಎಷ್ಟು ಗಂಟೆಗೆ?" ಹೇಳಿದೆ. "ಸದ್ಯ" ಎಂದ.

ಫೆಬ್ರವರಿ ೧೯. ಪುತ್ತೂರು

ಹದಿಮೂರು ಮುಗಿಸಿ ಬಂದೆ. ಮನೆ ಬಿಡುವುದೆಂದು ಬೀಗದ ಕೈ ಹಿಡಿದು ಹಿತ್ತಿಲಿಗೆ ಹೋದೆ. ಮೈಮೂನಮ್ಮನಿಗೆ ಎಲ್ಲ ಹೇಳಿದೆ — ಪಂಚಕ, ಆರು ತಿಂಗಳು, ಖಾಲಿ ಮನೆ. ಬಾಗಿಲಿಗೆ ಒರಗಿ ಕೇಳಿದರು.

"ನನ್ನಲ್ಲಿ ಒಂದು ಮಾತು ಕೇಳ್ಬಹುದಿತ್ತಲ್ಲ."

"ನಿಮಗೆ ಇದೆಲ್ಲ ಗೊತ್ತಿಲ್ಲ ಅಂತ..."

"ಎಂತ ಗೊತ್ತಿಲ್ಲ? ಮೂವತ್ತು ವರ್ಷ ನಿಮ್ಮವರಿಗೇ ಬಾಡಿಗೆಗೆ ಕೊಟ್ಟದ್ದು ಮಾಸ್ಟ್ರೇ. ಇದೇ ಪಂಚಕಕ್ಕೆ ಒಮ್ಮೆ ಆರು ತಿಂಗಳು ಮುಚ್ಚಿಯೂ ಇತ್ತು. ನಾವು ಉಪವಾಸ ಬೀಳ್ಲಿಲ್ಲ."

ಅವರು ತಲೆಯೆತ್ತಿ ಮಾಳಿಗೆಯ ಕಡೆ ನೋಡಿದರು.

"ಬಾಡಿಗೆಗೆ ಕೊಡುವ ಮೊದಲು ಮೇಲೆ ನಾವೇ ಇದ್ದದ್ದು. ನನ್ನ ಗಂಡ ಹೋದದ್ದೂ ಆ ಕೋಣೆಯಲ್ಲೇ. ಮಂಚ ಅಲ್ಲೇ ಇತ್ತು, ಕಿಟಕಿಯ ಹತ್ತಿರ. ನಿಮ್ಮ ಅಕ್ಕನಿಗೆ ಹೇಳಿದ್ದೆ ನಾನು. ಅವರು ಎಂತ ಅಂದ್ರು ಗೊತ್ತುಂಟಾ? ಹಾಗಾದ್ರೆ ಇದು ಒಳ್ಳೆ ಜಾಗವೇ ಅಂದ್ರು."

ಬೀಗದ ಕೈ ಚಾಚಿದೆ. ತೆಗೆದುಕೊಳ್ಳಲಿಲ್ಲ. ಒಳಗೆ ಹೋದರು.

ಫೆಬ್ರವರಿ ೨೦. ಸಂಜೆ

ಕಿಟಕಿ ತೆರೆದೆ. ಅಕ್ಕ ಹಿಡಿಯುತ್ತಿದ್ದ ಒಂದು ಸರಳು ಮಾತ್ರ ನುಣುಪಾಗಿದೆ. ಉಳಿದವಕ್ಕೆ ತುಕ್ಕು.

ಮಂಚದ ತುದಿಯಲ್ಲಿ ಕೂತಿದ್ದೇನೆ. ಸುಳ್ಯದ ಬಸ್ಸು ಬಂತು.

ಇಳಿದವರು — ಕೊಡೆ ಊರಿದ ಒಬ್ಬ ಮುದುಕ. ಎರಡು ಜಡೆಯ ಹುಡುಗಿ. ಹೆಗಲ ಮೇಲೆ ಹಲಸಿನಕಾಯಿ ಹೊತ್ತ ಒಬ್ಬ. ಅದಕ್ಕೆ ಟಿಕೇಟು ಉಂಟಾ...

ಕೊನೆಗೆ ಒಂದು ಹೆಂಗಸು. ಕೈಯಲ್ಲಿ ಟ್ರಂಕು. ಇಳಿದವಳು ತಲೆಯೆತ್ತಿ ಈ ಕಿಟಕಿಯನ್ನು ನೋಡಿದಳು. ಅಕ್ಕನ ಸರಳು ಹಿಡಿದುಕೊಂಡೆ.